ಮಾಗಿಯ ಮರಿಗಳು

ಹಾರೂಗೇರಿ, ತೋಟದ ಮನೆ
೧೦ ಫೆಬ್ರುವರಿ ೧೯೯೧

ಶ್ರೀ ಬಾಳಾಸಾಬ ಅವರಿಗೆ ಸುಗಂಧಾ ಮಾಡುವ ನಮಸ್ಕಾರಗಳು.

ಗಂಡನ ಹೆಸರೆಂದು ನಿಮ್ಮ ಹೆಸರನ್ನು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ ನಾನು. ಸಂತೆಯಲ್ಲಿ ಯಾರಾದರೂ ‘ಯಾರ ಮನಿಯಾಕಿವಾ?’ ಎಂದರೆ ಪಕ್ಕದವಳ ಮುಖ ನೋಡುತ್ತಿದ್ದೆ. ಇವತ್ತು ಕಾಗದದ ಮೇಲೆ ಬರೆದೇಬಿಟ್ಟೆ.

ಹೋದ ವಾರ ವಿಠೋಬಾ ಕಾಕಾ ಬಂದು ನಿಮ್ಮ ಮಾತು ಮುಟ್ಟಿಸಿದರು. ಉತ್ತರವನ್ನು ಅವರ ಕೈಯಲ್ಲೇ ಕಳಿಸಬಹುದಿತ್ತು. ಆದರೆ ಅವರು ನಿಮ್ಮ ಚಿಕ್ಕಪ್ಪ, ನಿಮಗೆ ಸೇರದ ಮಾತನ್ನು ದಾರಿಯಲ್ಲೇ ಉದುರಿಸಿಬಿಡುತ್ತಾರೆ. ಅದಕ್ಕೇ ನಾನೇ ಬರೆಯುತ್ತಿದ್ದೇನೆ. ಈ ಚಳಿಗಾಲ ನಮಗೆ ಹೇಗೆ ಕಳೆಯಿತು ಎಂಬುದನ್ನು ಮೊದಲು ಕೇಳಿ. ಉತ್ತರ ಅದರ ಬೆನ್ನಿಗೇ ಬರುತ್ತದೆ.

ಮಕ್ಕಳಾಗಲಿಲ್ಲವೆಂದು ಒಂದೂವರೆ ವರ್ಷದ ಹಿಂದೆ ನೀವು ತುಳಸವ್ವನಿಗೆ ತಾಳಿ ಕಟ್ಟಿ ನಿಪ್ಪಾಣಿಯ ಮನೆಗೆ ಕರೆತಂದ ದಿನ ನಾನೇ ಆರತಿ ಎತ್ತಿದೆ. ಮರುದಿನ ಬಸ್ಸು ಹಿಡಿದು ಅವ್ವನ ಬಳಿ ಬಂದೆ. ‘ಆಕಿ ಒಂದ ಹನಿ ಕಣ್ಣೀರ ಹಾಕಲಿಲ್ಲ’ ಎಂದು ನೀವು ಓಣಿಯಲ್ಲಿ ಹೇಳಿದಿರಂತೆ. ಚಿಕ್ಕೋಡಿ ದಾಟುವವರೆಗೆ ತಡೆದುಕೊಂಡಿದ್ದೆ, ಅಷ್ಟೇ. ಆಮೇಲೆ ಹಾರೂಗೇರಿ ಬರುವವರೆಗೂ ಅತ್ತೆ. ಟಿಕೀಟು ಕೇಳಲು ಬಂದ ಕಂಡಕ್ಟರ್ ಕೂಡ ಸುಮ್ಮನೆ ಮುಂದೆ ಹೋದ.

ನನ್ನ ಅವ್ವ ಭೀಮಾಬಾಯಿಯ ಸ್ವಭಾವ ನಿಮಗೆ ಗೊತ್ತು. ಸಮಾಧಾನ ಹೇಳುವವಳಲ್ಲ. ‘ಸುಮ್ಮ ಕುಂತರ ಮನಸಿಗಿ ಹುಳಾ ಬೀಳತೈತಿ, ಈ ಕೋಳಿ ನೋಡ್ಕೊ’ ಎಂದು ತನ್ನ ಕೋಳಿಗಳನ್ನು ನನ್ನ ಕೈಗೆ ಹಾಕಿದಳು. ಈ ಸಲ ದೀಪಾವಳಿ ಮುಗಿದು ಚಳಿ ಕಾಲಿಡುವ ಹೊತ್ತಿಗೆ ಕೆಂಪು ಕೋಳಿ ಕಾವಿಗೆ ಬಂತು. ಮನೆಯ ತತ್ತಿ ಸಾಲಲಿಲ್ಲವೆಂದು ಪೇಟೆಯ ಅಂಗಡಿಯಿಂದ ತಂದು ಇಟ್ಟೆ. ಕೋಳಿ ಪಾಪ ಹಟ ಹಿಡಿದು ಕೂತಿತು, ಆದರೆ ಒಂದೂ ಮರಿಯಾಗಲಿಲ್ಲ. ಮನೆಯ ನಾಲ್ಕಾರು ತತ್ತಿಗಳೂ ಕೋಳಿ ಎದ್ದು ಕೂರುವಾಗ ಕಾಲಿಗೆ ಸಿಕ್ಕಿ ಒಡೆದುಹೋಗಿದ್ದವು. ಬದಿಯ ತೋಟದ ಹೊಳೆವ್ವ ಬೇಲಿಯಾಚೆಯಿಂದಲೇ, ‘ಬಂಜಿ ಕೈಲೆ ಇಟ್ಟ ತತ್ತಿ ಎಲ್ಲಿ ಮರಿ ಆಗತಾವು?’ ಎಂದಳು. ಸುಳ್ಳೇಕೆ ಹೇಳಲಿ, ನಾನೂ ಹಾಗೇ ಅಂದುಕೊಂಡೆ. ಅವ್ವ ಮಾತ್ರ ಬೇಲಿಗೆ ಹೋಗಿ ನಿಂತು, ‘ಫಾರ್ಮಿನ ತತ್ತಿ ಅವು, ಹುಂಜನ ಮಾರಿ ಕಂಡಿಲ್ಲ. ಅದರಾಗ ಕೋಳಿದೇನ ತಪ್ಪ, ನನ್ನ ಮಗಳದೇನ ತಪ್ಪ?’ ಎಂದು ಗದರಿಸಿದಳು. ಆಮೇಲೆ ಕುಡಚಿಯಲ್ಲಿ ಪರಿಚಯದವರ ಮನೆಯಿಂದ ಊರ ಕೋಳಿಯ ತತ್ತಿ ತರಿಸಿ, ಕೆಂಪು ಕೋಳಿ ಮತ್ತು ಇನ್ನೊಂದು ಕೋಳಿಯ ಕೆಳಗೆ ಹಂಚಿ ಇಟ್ಟಳು. ‘ಮಾಗ್ಯಾಗ ಮರಿ ಮಾಡಿದರ ಉಳಿಯೂದಿಲ್ಲ’ ಎಂದು ಎಲ್ಲರೂ ಅಂದರು. ಉಳಿಸಿ ತೋರಿಸಬೇಕೆಂದು ನನಗೂ ಹಟ ಬಂತು.

ಕೋಳಿಗಳು ಕಾವಿಗೆ ಕೂತಿರುವಾಗಲೇ ಒಂದು ಮುಂಜಾನೆ ತುಳಸವ್ವ ಬಂದಳು. ಹೊಳೆಯ ಕಡೆಯಿಂದ ಮಂಜು ತುಂಬಿತ್ತು. ಕಬ್ಬಿನ ಬದುವಿನ ಮೇಲೆ ಯಾರೋ ಬರಿಗಾಲಲ್ಲಿ ನಿಂತಿದ್ದಾರೆ ಎಂದು ನೋಡಿದರೆ ಅವಳು. ಅವಳಿಗೂ ಬಸಿರು ನಿಲ್ಲಲಿಲ್ಲವೆಂದು ನೀವು ‘ದೊಡ್ಡಾಕಿ ಹ್ವಾದ ಹಾದಿ ಹಿಡಿ’ ಅಂದಿರಂತೆ. ತವರಿನಲ್ಲಿ ಮಲತಾಯಿ ಬಾಗಿಲು ತೆಗೆಯಲಿಲ್ಲವಂತೆ. ನೀವು ಹೇಳಿದ ಹಾದಿಯನ್ನೇ ಹಿಡಿದು ಹುಡುಗಿ ನನ್ನ ಬಾಗಿಲಿಗೆ ಬಂದಿದ್ದಳು.

ನಾನು ದೇವತೆಯಲ್ಲ. ನೀರು ಕೊಟ್ಟೆ, ರೊಟ್ಟಿ ಕೊಟ್ಟೆ, ಮಾತಾಡಿಸಲಿಲ್ಲ. ‘ಎರಡ ದಿನ ಇದ್ದು ಹೋಗಲಿ’ ಎಂದು ಅವಳಿಗೆ ಕೇಳಿಸುವಂತೆಯೇ ಅವ್ವನಿಗೆ ಹೇಳಿದೆ. ಅವಳು ದನದ ಕೊಟ್ಟಿಗೆಯ ಮೂಲೆಯಲ್ಲಿ ಮಲಗಿದಳು. ಕಸ ಹೊಡೆದಳು, ಸೆಗಣಿ ಬಾಚಿದಳು. ನಾನು ಒಳಗೆ ಹೋದರೆ ಅವಳು ಹೊರಗೆ ಹೋಗುತ್ತಿದ್ದಳು.

ಆ ವಾರವೇ ಮರಿಗಳು ಹೊರಬಿದ್ದವು. ಚಿಪ್ಪಿನೊಳಗಿಂದ ಕುಟ್ಟುವ ಸದ್ದು ಮೊದಲು, ಆಮೇಲೆ ಒದ್ದೆ ತಲೆ. ಎರಡೂ ಕೋಳಿಗಳ ಮರಿಗಳನ್ನು ಕೆಂಪು ಕೋಳಿಯ ಜೊತೆಗೇ ಬಿಟ್ಟೆವು. ಅದು ಎಲ್ಲವನ್ನೂ ರೆಕ್ಕೆಯೊಳಗೆ ಎಳೆದುಕೊಂಡಿತು. ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. ಮಾರನೆಯ ಬೆಳಿಗ್ಗೆ ಬಿಸಿಲು ಬಿದ್ದಿತೆಂದು ಕೋಳಿ ಅಂಗಳಕ್ಕೆ ಇಳಿದದ್ದೇ ತಡ, ಬಣವೆಯ ಸಂದಿಯಿಂದ ಮುಂಗುಸಿ ನುಗ್ಗಿತು. ಕೋಳಿ ಓಡಲಿಲ್ಲ. ಮರಿಗಳನ್ನು ಹಿಂದೆ ಹಾಕಿಕೊಂಡು ಎದುರು ನಿಂತಿತು. ನಾನು ಕಟ್ಟಿಗೆ ಹಿಡಿದು ಬರುವಷ್ಟರಲ್ಲಿ ಅದರ ಕುತ್ತಿಗೆ ಹರಿದಿತ್ತು.

ನಾನು ಸತ್ತ ಕೋಳಿಯನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕೂತುಬಿಟ್ಟೆ. ಎಲ್ಲ ಮುಗಿಯಿತು ಅನಿಸಿತು. ಇನ್ನೊಂದು ಕೋಳಿಯೋ ಮರಿಗಳನ್ನು ಹತ್ತಿರ ಸೇರಿಸದೆ ಕುಕ್ಕಿ ಓಡಿಸುತ್ತಿತ್ತು. ಆಗ ತುಳಸವ್ವ ಯಾರನ್ನೂ ಕೇಳಲಿಲ್ಲ. ಬಣವೆಯ ಕೆಳಗೆ, ಕಲ್ಲಿನ ಸಂದಿಯಲ್ಲಿ ಚದುರಿ ನಡುಗುತ್ತಿದ್ದ ಮರಿಗಳನ್ನು ಒಂದೊಂದಾಗಿ ಹುಡುಕಿ ಸೆರಗಿನಲ್ಲಿ ತುಂಬಿಕೊಂಡು ಒಲೆಯ ಮುಂದೆ ಹೋಗಿ ಕೂತಳು. ಉಣ್ಣಲು ಕರೆದರೆ ಏಳಲಿಲ್ಲ. ‘ಎದ್ದರ ತಂಪ ಬಡಿತೈತಿ ಅಕ್ಕಾ, ನೀನ ತಂದು ಒಂದ ತುತ್ತ ಬಾಯಾಗ ಹಾಕು’ ಎಂದಳು. ಅಕ್ಕಾ ಎಂದು ಅವಳು ನನ್ನನ್ನು ಕರೆದದ್ದು ಅದೇ ಮೊದಲು. ತುತ್ತು ಹಾಕಿದೆ. ಹಾಕುವಾಗ ಇಬ್ಬರ ಕಣ್ಣಲ್ಲೂ ನೀರು ಬಂತು. ಹೊಗೆ ಎಂದು ಇಬ್ಬರೂ ಹೇಳಿಕೊಂಡೆವು.

ಅಲ್ಲಿಂದ ಮುಂದೆ ಅವಳು ಹೋಗುವ ಮಾತು ನಾನು ಎತ್ತಲಿಲ್ಲ. ದೊಡ್ಡ ಬುಟ್ಟಿಯೊಳಗೆ ಕಬ್ಬಿನ ಒಣ ಎಲೆಯ ರವದಿ ಹಾಸಿ, ನಡುವೆ ಕೆಂಡದ ಗಡಿಗೆ ಇಟ್ಟೆವು. ಹೊಗೆಗೆ ಮರಿಗಳು ತಲೆ ಜೋಲಿಸಿದವು, ಎರಡು ಸತ್ತೂ ಹೋದವು. ಗಡಿಗೆ ತೆಗೆದು ಮೇಲಿಂದ ಕಂದೀಲು ಇಳಿಬಿಟ್ಟೆವು. ಸುತ್ತ ಕಂಬಳಿ ಕಟ್ಟಿ, ಗಾಳಿಯಾಡಲು ಒಂದು ಮಗ್ಗುಲು ಬಿಟ್ಟೆವು. ಮರಿಗಳೆಲ್ಲ ಒಂದರ ಮೇಲೊಂದು ಬಿದ್ದರೆ ಚಳಿಯಾಗಿದೆ ಎಂದರ್ಥ. ಬಾಯಿ ತೆರೆದು ದೂರ ಸರಿದರೆ ಸೆಕೆ ಹೆಚ್ಚಾಗಿದೆ ಎಂದರ್ಥ. ಅಲ್ಲಲ್ಲಿ ಹರಡಿ ಸುಮ್ಮನೆ ನಿದ್ದೆ ಹೋದರೆ ನಾವೂ ನಿದ್ದೆ ಹೋಗಬಹುದು. ಉಗುರುಬೆಚ್ಚಗಿನ ನೀರು, ಜೋಳದ ನುಚ್ಚು, ಒದ್ದೆಯಾದ ರವದಿಯನ್ನು ಆಗಾಗ ಬದಲಿಸುವುದು, ಇಷ್ಟರಲ್ಲೇ ದಿನ ಸರಿಯುತ್ತಿತ್ತು. ಅವಳು ಎಚ್ಚರವಿದ್ದಾಗ ನಾನು ಮಲಗುತ್ತಿದ್ದೆ, ನಾನು ಎದ್ದಾಗ ಅವಳು.

ಸಂಕ್ರಾಂತಿಗೆ ಮರಿಗಳಿಗೆ ಗರಿ ಬಂದಿದ್ದವು. ತುಳಸವ್ವ ಹಿತ್ತಲಿಗೆ ಹೋದರೂ ಹಿಂದೆ ಹಿಂಡು ಹೋಗುತ್ತದೆ. ನಮ್ಮ ಬುಟ್ಟಿ ನೋಡಲು ಹೊಳೆವ್ವ ಬೇಲಿ ದಾಟಿ ಬಂದಳು, ಬೆಲ್ಲ ಎಳ್ಳು ಕೊಟ್ಟಳು, ತನ್ನ ಕೋಳಿಗೂ ತತ್ತಿ ಇಟ್ಟುಕೊಡು ಎಂದು ನನ್ನನ್ನೇ ಕರೆದಳು. ಹೋಗಿ ಇಟ್ಟುಕೊಟ್ಟೆ.

ಇಂಥ ಹೊತ್ತಿನಲ್ಲಿ ಕಾಕಾ ಬಂದರು. ಕೊಗನೊಳ್ಳಿಯಲ್ಲಿ ನಿಮಗೆ ಮೂರನೆಯ ಹೆಣ್ಣು ನೋಡಿದ್ದಾರೆ, ಹೆಣ್ಣಿನವರು ಹಿಂಜರಿಯುತ್ತಿದ್ದಾರೆ ಎಂದರು. ‘ನೀವಿಬ್ಬರೂ ಬಂದು ಹಿರ್ಯಾರ ಮುಂದ, ದೋಷ ನಮ್ಮಾಗ ಐತ್ರಿ ಅಂತ ಒಂದ ಮಾತ ಅಂದಬಿಡ್ರಿ. ವರ್ಷಾ ಸೀರಿ, ಜ್ವಾಳಾ ಮನಿಗೇ ಬರತಾವು’ ಎಂದರು.

ನಾನು ಬಾಯಿ ತೆರೆಯುವ ಮೊದಲೇ ತುಳಸವ್ವ, ‘ಜ್ವಾಳಾ ನಮ್ಮ ಮನ್ಯಾಗೂ ಅದಾವ್ರಿ ಕಾಕಾ. ಸುಳ್ಳ ಯಾಕ ಹೇಳೂನು?’ ಎಂದಳು.

‘ಸುಳ್ಳೋ ಖರೇನೋ ನಿನಗೇನ ಗೊತ್ತಬೇ?’ ಎಂದು ಕಾಕಾ ಸಿಡುಕಿದರು.

ನಿಪ್ಪಾಣಿಯಲ್ಲಿ ನಿಮ್ಮ ಎದುರು ತಲೆ ಎತ್ತದ ಹುಡುಗಿ ಅವಳು. ‘ಗೊತ್ತೈತಿ ಅಂತನ ಹೇಳಾಕತ್ತೇನ್ರಿ’ ಎಂದು ಎದ್ದು ಮರಿಗಳಿಗೆ ನುಚ್ಚು ಹಾಕಲು ಹೋದಳು. ಕಾಕಾ ನನ್ನ ಮುಖ ನೋಡಿದರು. ‘ಆಕಿ ಹೇಳಿದ್ದ ನನ್ನ ಮಾತ್ರಿ’ ಎಂದೆ. ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ಇದೇ ನಮ್ಮ ಉತ್ತರ. ಹಿರಿಯರ ಮುಂದೆ ನಾವು ಬರುವುದಿಲ್ಲ, ಆ ಮಾತು ಆಡುವುದಿಲ್ಲ. ಬೈದು ಬರೆಯುತ್ತಿಲ್ಲ. ನಿಮ್ಮ ಜೊತೆ ಒಳ್ಳೆಯ ದಿನಗಳನ್ನೂ ಕಂಡವಳು ನಾನು, ಜ್ವರ ಬಂದಾಗ ನೀವು ತಲೆಗೆ ಪಟ್ಟಿ ಹಾಕಿದ್ದನ್ನು ಮರೆತಿಲ್ಲ. ಆದರೆ ಈ ಮನೆಯಲ್ಲಿ ಈಗ ಮೂವರು ಹೆಂಗಸರಿದ್ದೇವೆ, ಮೂವರೂ ನಗುತ್ತೇವೆ. ಇದನ್ನು ಬಿಟ್ಟು ಬರುವ ಮನಸ್ಸು ಯಾರಿಗೂ ಇಲ್ಲ. ನಮ್ಮನ್ನು ಕರೆಯಲು ಇನ್ನು ಯಾರನ್ನೂ ಕಳಿಸಬೇಡಿ.

ಚಳಿ ಇನ್ನೂ ಇದೆ, ಮೈ ಕಡೆ ನೋಡಿಕೊಳ್ಳಿ.

ಇತಿ,
ಭೀಮಾಬಾಯಿಯ ಮಗಳು
ಸುಗಂಧಾ

ತಾ. ಕ.: ಒಂದು ಮಾತು ಬರೆಯಲೋ ಬೇಡವೋ ಎಂದು ಇಲ್ಲಿಯವರೆಗೆ ತಡೆದೆ. ಹೋದ ತಿಂಗಳು ತುಳಸವ್ವನಿಗೆ ಹೊಟ್ಟೆನೋವು ಬಂದು ಕುಡಚಿಯಿಂದ ರೈಲಿನಲ್ಲಿ ಮಿರಜಿಗೆ ಕರೆದೊಯ್ದಿದ್ದೆ. ಅಲ್ಲಿನ ಡಾಕ್ಟರಬಾಯಿ ಅವಳನ್ನೂ, ಕೇಳಿಕೊಂಡದ್ದಕ್ಕೆ ನನ್ನನ್ನೂ ಪೂರ್ತಿ ತಪಾಸಣೆ ಮಾಡಿದರು. ನಮ್ಮಿಬ್ಬರಲ್ಲಿ ಯಾರಿಗೂ ಏನೂ ಕೊರತೆ ಇಲ್ಲವಂತೆ. ‘ಗಂಡನನ್ನು ಯಾಕೆ ಕರೆತರಲಿಲ್ಲ?’ ಎಂದು ಕೇಳಿದರು. ನೀವೂ ಒಮ್ಮೆ ಹೋಗಿ ತೋರಿಸಿಕೊಳ್ಳಿ, ನಾಚಿಕೆ ಬೇಡ, ಔಷಧ ಇರುತ್ತದಂತೆ. ನಿನ್ನೆ ನಾವಿಬ್ಬರೂ ಕೊಗನೊಳ್ಳಿಗೆ ಹೋಗಿ ಹುಡುಗಿಯ ತಾಯಿಗೆ ಇಷ್ಟನ್ನೂ ಹೇಳಿ ಬಂದೆವು. ಹುಡುಗಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ನಾವು ಹೊರಟಾಗ ಅವಳೇ ಬಸ್ ಸ್ಟ್ಯಾಂಡಿನವರೆಗೆ ಬಂದು ಕಳಿಸಿಕೊಟ್ಟಳು.