ಗವಿಯ ಕತ್ತಲಲ್ಲಿ ಹಿಡಿದ ಕೈ

ಜನಕಪುರಿ, ದೆಹಲಿ
ಆಗಸ್ಟ್ 20, 2025

ಪ್ರೀತಿಯ ದೇವಕಿಯವರಿಗೆ,

ಇಂದಿರಾಳ ನಮಸ್ಕಾರ. ಜನಕಪುರಿಯಿಂದ ಪೀತಮ್‌ಪುರಕ್ಕೆ ಈ ಕಾಲದಲ್ಲಿ ಯಾರಾದರೂ ಕಾಗದ ಬರೆಯುತ್ತಾರೆಯೇ ಎಂದು ನಿಮಗೆ ಆಶ್ಚರ್ಯವಾಗಬಹುದು. ಈ ವಾರದಲ್ಲಿ ಎರಡು ಸಲ ನಿಮಗೆ ಫೋನ್ ಮಾಡಿದೆ. ನೀವು “ಹೇಳಿ ಇಂದಿರಾ” ಎಂದ ಕೂಡಲೇ ಮಳೆಯ ಬಗ್ಗೆ, ತರಕಾರಿಯ ಬಗ್ಗೆ ಏನೋ ಮಾತಾಡಿ ಇಟ್ಟುಬಿಟ್ಟೆ. ಕಾಗದದಲ್ಲಾದರೆ ನಡುವೆ ನಿಮ್ಮ ದನಿ ಕೇಳಿಸುವುದಿಲ್ಲ.

ಮೊದಲೇ ಹೇಳಿಬಿಡುತ್ತೇನೆ. ನನ್ನ ಮಗಳು, ನಿಮ್ಮ ಸೊಸೆ ನಿಹಾರಿಕಾ ಮೂರು ತಿಂಗಳಿಂದ ನಿಮ್ಮ ಹತ್ತಿರ ನೆಟ್ಟಗೆ ಮಾತಾಡುತ್ತಿಲ್ಲವಲ್ಲ, ಅದಕ್ಕೆ ಕಾರಣ ನಾನು.

ಏಪ್ರಿಲ್‌ನಲ್ಲಿ ನಾನು ನ್ಯೂಜಿಲೆಂಡಿಗೆ, ಮಕ್ಕಳ ಮನೆಗೆ ಬಂದಿಳಿದಾಗ ನೀವು ಅಲ್ಲಿ ಮೂರು ತಿಂಗಳಿಂದ ಇದ್ದಿರಿ. ಜನವರಿಯಲ್ಲಿ ನಾನೂ ಬರಬೇಕಿತ್ತು. ನಮ್ಮ ಮನೆಯವರ ಮಂಡಿಯ ಶಸ್ತ್ರಚಿಕಿತ್ಸೆ ಫೆಬ್ರವರಿಗೆ ಗೊತ್ತಾಗಿದ್ದರಿಂದ ಉಳಿದೆ. ವಿಮಾನ ನಿಲ್ದಾಣದಲ್ಲಿ ನಿಹಾರಿಕಾ ನನ್ನನ್ನು ತಬ್ಬಿಕೊಂಡಾಗ ಅವಳ ಕೂದಲಲ್ಲಿ ನಿಮ್ಮ ಎಣ್ಣೆಯ ವಾಸನೆಯಿತ್ತು. ನನ್ನ ಹೊಟ್ಟೆಯುರಿ ಅಲ್ಲೇ ಶುರುವಾಯಿತು. ಮಾರನೆಯ ಬೆಳಿಗ್ಗೆ ಅವಳ ಕಾಫಿಗೆ ನಾನು ಎರಡು ಚಮಚ ಸಕ್ಕರೆ ಹಾಕಿದೆ. “ಅವಳು ಸಕ್ಕರೆ ಬಿಟ್ಟು ಎಷ್ಟೋ ದಿನ ಆಯ್ತು” ಎಂದಿರಿ. ಸಹಜವಾಗಿಯೇ ಹೇಳಿದಿರಿ. ಆ ಲೋಟವನ್ನು ನಾನೇ ಕುಡಿದೆ. ನಿಮ್ಮ ಮುಖ ನೋಡಲಿಲ್ಲ.

ಆಮೇಲೆ ಕ್ಯಾಂಪರ್‌ವ್ಯಾನ್ ಪ್ರವಾಸ. ಹಾಸಿಗೆ, ಒಲೆ, ಸಿಂಕು ಎಲ್ಲ ಇರುವ ಆ ಗಾಡಿಯಲ್ಲಿ ನಾವು ನಾಲ್ವರು ಒಂಬತ್ತು ದಿನ. ನಿಹಾರಿಕಾ ಓಡಿಸುತ್ತಿದ್ದಳು. ಹಿಂದೆ ಕೂತರೆ ನಿಮಗೆ ವಾಂತಿ ಬರುತ್ತದೆಂದು ನೀವು ಮುಂದೆ ಅವಳ ಪಕ್ಕದಲ್ಲಿ. “ಅಮ್ಮಾ, ನೀನು ಹಿಂದೆ ಕೂತ್ಕೋ, ಆರಾಮ್ ಸೇ” ಎಂದಳು ನನಗೆ. ನಿಮ್ಮ ಮಗ ಹೃಷಿಕೇಶ ಹಿಂದಿನ ಸೀಟಿನಲ್ಲಿ ತನ್ನ ಕಾಲೇಜಿನ ಉತ್ತರ ಪತ್ರಿಕೆ ತಿದ್ದುತ್ತಿದ್ದ. ನಾನು ಕಿಟಕಿಯಲ್ಲಿ ಕುರಿ ನೋಡುತ್ತಾ, ನಿಮ್ಮಿಬ್ಬರ ತಲೆಗಳು ಒಂದರತ್ತ ಒಂದು ವಾಲಿ ನಗುವುದನ್ನು ನೋಡುತ್ತಾ ಇದ್ದೆ. ಯಾವ ಊರು ಬಂತು, ಯಾವುದು ಹೋಯಿತು ಎಂದು ಕೇಳಿದರೆ ಇವತ್ತಿಗೂ ಹೇಳಲಾರೆ. ನೀವು ಎಷ್ಟು ಸಲ ಅವಳ ತೋಳು ತಟ್ಟಿದಿರಿ ಎಂದು ಕೇಳಿದರೆ ಹೇಳಬಲ್ಲೆ.

ಸುಣ್ಣದಕಲ್ಲಿನ ಗವಿಗೆ ಹೋದ ದಿನ ನಾನು ಬೆಳಿಗ್ಗೆಯಿಂದ ಸಂಭ್ರಮದಲ್ಲಿದ್ದೆ. ನಿಮಗೆ ಗೊತ್ತು, ನಾನು ಮೂವತ್ತೊಂದು ವರ್ಷ ಭೂಗೋಳ ಪಾಠ ಮಾಡಿದವಳು. ಮೇಲಿನಿಂದ ಇಳಿಯುವ ಸುಣ್ಣದ ಕಡ್ಡಿ, ಕೆಳಗಿನಿಂದ ಏಳುವ ಸುಣ್ಣದ ದಿಮ್ಮಿ, ಇವನ್ನು ಪ್ರತಿ ವರ್ಷ ಕಪ್ಪು ಹಲಗೆಯ ಮೇಲೆ ಬರೆದೆ. ಒಂದನ್ನೂ ಕಣ್ಣಾರೆ ಕಂಡಿರಲಿಲ್ಲ. ಒಳಗೆ ಹೋಗುತ್ತಿದ್ದಂತೆ ನೀವು ಮೇಲೆ ನೋಡಿ ಇದೇನು ಎಂದು ಕೇಳಿದಿರಿ. ನಾನು ಬಾಯಿ ತೆರೆಯುವಷ್ಟರಲ್ಲಿ ನಿಹಾರಿಕಾ, “ನೀರು ಒಂದೊಂದೇ ಹನಿ ಸುಣ್ಣ ಬಿಟ್ಟು ಹೋಗುತ್ತೆ ಅತ್ತೆ, ಒಂದು ಬೆರಳಷ್ಟು ಬೆಳೆಯೋಕೆ ಹತ್ತು ತಲೆಮಾರು ಬೇಕು” ಎಂದಳು. ಅದು ನನ್ನ ವಾಕ್ಯ. ಅವಳು ಏಳನೇ ಕ್ಲಾಸಿನಲ್ಲಿದ್ದಾಗ ಇದೇ ಮನೆಯ ಊಟದ ಮೇಜಿನ ಮೇಲೆ ನಾನು ಹೇಳಿಕೊಟ್ಟದ್ದು. ಅದನ್ನು ನಿಮಗೆ ಕೊಟ್ಟಳು. ನಾನು ಹಿಂದೆ ನಿಂತು ಕೇಳಿದೆ.

ಗವಿಯ ಕೊನೆಯಲ್ಲಿ ಮರದ ಕಟ್ಟೆಯ ಮೇಲೆ ನಿಲ್ಲಿಸಿದರಲ್ಲ, ಅಲ್ಲಿಗೆ ಬರುತ್ತೇನೆ. ಐದು ನಿಮಿಷ ದೀಪ ಆರಿಸುತ್ತೇವೆ, ಯಾರೂ ಜೋರಾಗಿ ಮಾತಾಡಬೇಡಿ ಎಂದಳು ಗೈಡು. ಎಲ್ಲರೂ ಒಂದೇ ಬಗೆಯ ರೇನ್‌ಕೋಟು, ಹೆಲ್ಮೆಟ್ಟು ಹಾಕಿದ್ದೆವು. ದೀಪ ಆರಿತು. ಚಾವಣಿಯ ತುಂಬ ಹೊಳೆಯುವ ಹುಳುಗಳು, ನೀಲಿ ಹಸಿರು ಚುಕ್ಕಿಗಳು, ಎಣಿಸಲಾಗದಷ್ಟು. ನಿಮಗೆ ಕತ್ತಲೆಂದರೆ ಭಯ. ನಿಹಾರಿಕಾಳ ಪಕ್ಕದಿಂದ ಮೆಲ್ಲನೆ ಸರಿದು ಮಗನ ತೋಳು ಹಿಡಿದುಕೊಂಡಿರಿ. ಆ ಜಾಗಕ್ಕೆ ನಾನು ಹೋಗಿ ನಿಂತೆ. ಮಗಳ ಪಕ್ಕ ನಿಂತು ಒಂದು ಸಲ ನೋಡೋಣ ಎಂದು, ಅಷ್ಟೇ.

ಅವಳ ಕೈ ಬಂದು ನನ್ನ ಕೈ ಹಿಡಿಯಿತು. ತಣ್ಣಗಿತ್ತು. ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದಳು: “ಅತ್ತೆ, ಫೆಬ್ರವರಿಯಲ್ಲಿ ಆ ಮಗು ಉಳಿದಿದ್ರೆ ಈಗ ಐದನೇ ತಿಂಗಳು. ಅಮ್ಮನಿಗೆ ಇನ್ನೂ ಹೇಳೋಕೆ ಆಗ್ತಿಲ್ಲ. ನೀವೂ ಹೇಳ್ಬೇಡಿ, ಪ್ಲೀಸ್.”

ದೇವಕಿಯವರೇ, ನಾನು ಆ ಕ್ಷಣ ಅವಳನ್ನು ಅಪ್ಪಿಕೊಳ್ಳಬೇಕಿತ್ತು. ಎಂಥ ತಾಯಿಯಾದರೂ ಅದನ್ನೇ ಮಾಡುತ್ತಿದ್ದಳು. ನನ್ನ ಮನಸ್ಸಿಗೆ ಮೊದಲು ಬಂದದ್ದು ಮಗುವಲ್ಲ. ನಿಮಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ ಎಂಬುದು. ಫೆಬ್ರವರಿಯಲ್ಲಿ ಅವಳು ಅತ್ತಾಗ ತಲೆ ಸವರಿದ್ದು ನಿಮ್ಮ ಕೈ. ಅದೇ ವಾರ ಅವಳು ನನಗೆ ದಿನಾ ಫೋನ್ ಮಾಡಿ “ಅಪ್ಪನ ಮಂಡಿ ಹೇಗಿದೆ” ಎಂದು ಕೇಳುತ್ತಿದ್ದಳು. ನನಗೆ ಇನ್ನೊಂದು ಭಾರ ಬೇಡವೆಂದು ಮುಚ್ಚಿಟ್ಟಳು ಎಂದು ಈಗ ಅರ್ಥವಾಗುತ್ತದೆ. ಆಗ ಆಗಲಿಲ್ಲ.

ನಾನು ಉಸಿರೆತ್ತದೆ ಅವಳ ಕೈಯನ್ನು ಒತ್ತಿದೆ. ನಿಮ್ಮ ಹಾಗೆ. ದೀಪ ಬರುವ ಮುನ್ನ ಕೈ ಬಿಡಿಸಿಕೊಂಡು ಹಿಂದೆ ಸರಿದು, ನಿಮ್ಮ ಬೆನ್ನಿಗೆ ಕೈಯಿಟ್ಟು ನಿಮ್ಮನ್ನು ಮತ್ತೆ ಅವಳ ಪಕ್ಕಕ್ಕೆ ತಳ್ಳಿದೆ. ವ್ಯಾನಿಗೆ ಬಂದ ಮೇಲೆ ನೀವು, ಕತ್ತಲಲ್ಲಿ ಯಾರೋ ತಳ್ಳಿದರು, ಬೀಳುತ್ತಿದ್ದೆ ಎಂದಿರಲ್ಲ, ಅದು ನಾನು. ದೀಪ ಬಂದಾಗ ನಿಹಾರಿಕಾ ಒದ್ದೆ ಕಣ್ಣಲ್ಲಿ ನಿಮ್ಮನ್ನು ನೋಡಿ ನಕ್ಕಳು. ಏನೂ ತಿಳಿಯದ ನೀವು ಅವಳ ಕೆನ್ನೆ ಸವರಿದಿರಿ.

ಎರಡು ದಿನದ ನಂತರ, ಸರೋವರದ ಪಕ್ಕ ವ್ಯಾನ್ ನಿಲ್ಲಿಸಿದ್ದಲ್ಲಿ, ನಾನೂ ಅವಳೂ ಪಾತ್ರೆ ತೊಳೆಯುತ್ತಿದ್ದೆವು. ನೀವು ದೂರದಲ್ಲಿ ಬಾತುಕೋಳಿಗಳಿಗೆ ಏನೋ ಹಾಕುತ್ತಿದ್ದಿರಿ. ಅತ್ತೆ ಇಲ್ಲದಿದ್ದರೆ ಈ ಟ್ರಿಪ್ಪಿಗೆ ಮಜಾನೇ ಇರುತ್ತಿರಲಿಲ್ಲ ಎಂದಳು. ನಾನು ತಟ್ಟೆ ಉಜ್ಜುತ್ತಲೇ, ಫೆಬ್ರವರಿಯ ವಿಷಯ ನನಗೆ ಗೊತ್ತು ಎಂದೆ.

ಅವಳು ನಲ್ಲಿ ನಿಲ್ಲಿಸಿದಳು. “ಯಾರು ಹೇಳಿದ್ರು?”

“ದೇವಕಿಯವರು.”

ನಿಮ್ಮ ಹೆಸರು ಹೇಳಲು ನನಗೆ ಅರೆಗಳಿಗೆಯೂ ಬೇಕಾಗಲಿಲ್ಲ. “ಯಾವಾಗ?” ಎಂದಳು. ಗವಿಯಿಂದ ಬಂದ ಸಂಜೆ ಎಂದೆ. ಅವಳು ಕೇಳಿಕೊಂಡ ದಿನವೇ ನೀವು ಬಾಯಿಬಿಟ್ಟಿರಿ ಎಂದಾಯಿತು. ಅವರನ್ನೇನೂ ಕೇಳಬೇಡ, ನೊಂದುಕೊಳ್ಳುತ್ತಾರೆ ಎಂದು ನಾನೇ ಬುದ್ಧಿ ಹೇಳಿದೆ. ಅವಳು ನನ್ನ ಭುಜಕ್ಕೆ ತಲೆಯಿಟ್ಟು ಅತ್ತಳು. ಮರುದಿನದಿಂದ ಮುಂದಿನ ಸೀಟು ನನಗೆ ಸಿಕ್ಕಿತು. ನಿಮಗೆ ವಾಂತಿಯ ಮಾತ್ರೆ ತಂದುಕೊಟ್ಟಳು.

ವಾಪಸು ಬರುವಾಗ ವಿಮಾನದಲ್ಲಿ ನೀವು, “ನಾನೇನಾದ್ರೂ ತಪ್ಪು ಮಾಡಿದ್ನಾ ಇಂದಿರಾ? ಹುಡುಗಿ ಕಾಲಿಗೆ ನಮಸ್ಕಾರ ಮಾಡಿ ಹಾಗೇ ತಿರುಗಿಬಿಟ್ಲು” ಎಂದಿರಿ. ಡ್ರೈವ್ ಮಾಡಿ ಸುಸ್ತಾಗಿದ್ದಾಳೆ ಎಂದೆ. ಆ ದಿನದಿಂದ ಅವಳು ನನಗೆ ದಿನಾ ಎರಡು ಸಲ ಫೋನ್ ಮಾಡಿದಳು. ಈ ಮೂರು ತಿಂಗಳು ನಾನು ಸುಖವಾಗಿದ್ದೆ. ನಾಚಿಕೆಯಿಂದ ಬರೆಯುತ್ತಿದ್ದೇನೆ, ಆದರೆ ನಿಜ.

ಹೋದ ಭಾನುವಾರ ಆರ್.ಕೆ.ಪುರಂನಲ್ಲಿ ಕನ್ನಡದವರ ಶ್ರಾವಣದ ಊಟಕ್ಕೆ ಬಂದಿದ್ದಿರಲ್ಲ. ಎಲೆ ಎತ್ತಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಶೇಂಗಾ ಚಟ್ನಿಪುಡಿಯ ಪೊಟ್ಟಣ ಕೊಟ್ಟಿರಿ. ಆಕ್ಲೆಂಡಿಗೆ ಹೊರಟಿರುವ ಏಕನಾಥರ ಕೈಯಲ್ಲಿ ಕಳಿಸಲು. “ನನ್ನ ಹೆಸರು ಹೇಳ್ಬೇಡಿ. ನೀವೇ ಮಾಡಿದ್ದು ಅನ್ನಿ, ಆಗ ತಿಂತಾಳೆ” ಎಂದಿರಿ. ನಾನು ತಲೆಯಾಡಿಸಿ ಬ್ಯಾಗಿಗೆ ಹಾಕಿಕೊಂಡೆ.

ಮೆಟ್ರೋದಲ್ಲಿ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು ಕೂತೆ. ಜನಕಪುರಿ ಬಂದು ಹೋದದ್ದೇ ತಿಳಿಯಲಿಲ್ಲ. ಕೊನೆಯ ಸ್ಟೇಷನ್ನಿನಲ್ಲಿ ಒಬ್ಬಾಕೆ ಭುಜ ಅಲುಗಿಸಿ, “ಆಂಟಿಜೀ, ಉತರನಾ ನಹೀಂ ಹೈ?” ಎಂದು ಕೇಳಿದ ಮೇಲೆ ಇಳಿದೆ.

ನಿನ್ನೆ ಬೆಳಿಗ್ಗೆ ನಿಹಾರಿಕಾಗೆ ಎಲ್ಲ ಹೇಳಿದೆ. ಸುತ್ತಿ ಬಳಸದೆ, ನಿಮಗೆ ಬರೆದ ಹಾಗೆಯೇ. ಎಲ್ಲ ಕೇಳಿಸಿಕೊಂಡು ಅವಳು ಕೇಳಿದಳು: “ಅಮ್ಮಾ, ಆ ಕೈ ನಿನ್ನದಾ?” ಹೌದು ಎಂದೆ. “ಹಾಗಿದ್ರೆ ಅಲ್ಲೇ ಯಾಕೆ ಹೇಳ್ಲಿಲ್ಲ? ನನಗೆ ನೀನೇ ಬೇಕಾಗಿದ್ದೆ” ಎಂದಳು. ಶನಿವಾರ ಅತ್ತೆಗೆ ಫೋನ್ ಮಾಡುತ್ತೇನೆ, ಅಲ್ಲಿಯವರೆಗೆ ನೀನು ನನಗೆ ಮಾಡಬೇಡ ಎಂದು ಇಟ್ಟಳು.

ಚಟ್ನಿಪುಡಿ ನಿಮ್ಮ ಹೆಸರಿನಲ್ಲೇ ಹೋಗಿದೆ. ನನ್ನನ್ನು ಕ್ಷಮಿಸಿ ಎಂದು ಕೇಳುತ್ತಿದ್ದೇನೆ. ಆಗದಿದ್ದರೆ ಹಾಗೆಂದು ನೇರವಾಗಿ ಹೇಳಿ, ಮನೆಗೆ ಬಂದು ಬೈದು ಹೋಗಿ. ಬಾಗಿಲು ತೆರೆಯುತ್ತೇನೆ.

ನಿಮ್ಮ ಮುಂದೆ ತಲೆತಗ್ಗಿಸಿರುವ ಬೀಗಿತ್ತಿ,
ಇಂದಿರಾ

ತಾ.ಕ.: ಶನಿವಾರ ಅವಳು ನಿಮಗೊಂದು ಸಂತೋಷದ ಸುದ್ದಿ ಹೇಳುತ್ತಾಳೆ. ಏನೆಂದು ನಾನು ಬರೆಯುವುದಿಲ್ಲ. ನನಗೆ ಅದು ಮೂರು ವಾರದಿಂದ ಗೊತ್ತು. ಅತ್ತೆಯ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂದುಕೊಂಡು ನನಗೊಬ್ಬಳಿಗೇ ಹೇಳಿದ್ದಳು, ಹೃಷಿಕೇಶನಿಂದಲೂ ಆಣೆ ತೆಗೆದುಕೊಂಡಿದ್ದಳು. ಈ ಕಾಗದವನ್ನು ನಾನು ಆಗಲೇ ಬರೆಯಬಹುದಿತ್ತು. ಒಂದು ಸಲವಾದರೂ ನಿಮಗಿಂತ ಮೊದಲು ನನಗೆ ಗೊತ್ತಿರಲಿ ಎಂದು ತಡಮಾಡಿದೆ. ಮಾರ್ಚ್‌ನಲ್ಲಿ ಅವಳು ನಮ್ಮಿಬ್ಬರಲ್ಲಿ ಯಾರನ್ನು ಕರೆಯುತ್ತಾಳೋ ಎಂದು ಈಗಲೇ ಮನಸ್ಸು ಚಡಪಡಿಸುತ್ತಿದೆ. ನಿಮ್ಮನ್ನೇ ಕರೆದರೆ ದಯವಿಟ್ಟು ನೀವೇ ನನಗೆ ತಿಳಿಸಿ. ಅವಳ ಬಾಯಿಂದ ಕೇಳಲಾರೆ.