ನೆವೆನಾಳ ಶುಕ್ರವಾರದ ಜ್ವರ

ಟ್ರೋಯಾನ್,
ಫೆಬ್ರವರಿ ೧೮, ಭಾನುವಾರ

ಮುದ್ದು ಮಗಳೇ ಜ್ಲಾತಿನಾ,

ನಿನ್ನ ಬೆನ್ನುನೋವು ಹೇಗಿದೆ? ಅಲ್ಲಿ ಇಟಲಿಯಲ್ಲಿ ನೀನು ನೋಡಿಕೊಳ್ಳುವ ಆ ಮುದುಕಿಯನ್ನು ಒಬ್ಬಳೇ ಎತ್ತಲು ಹೋಗಬೇಡ. ನಾನು ಗಟ್ಟಿಯಾಗಿದ್ದೇನೆ. ಫೋನಿನಲ್ಲಿ ಮಾತಾಡುವಾಗ ನೆವೆನಾಳ ಕಿವಿ ಅಲ್ಲೇ ಇರುತ್ತದೆ, ಅದಕ್ಕೇ ಈ ಕಾಗದ.

ನಿನ್ನ ಮಗಳ ಟೀಚರ್ ಹೊಸದೊಂದು ಪದ್ಧತಿ ತಂದಿದ್ದಾಳೆ. ಶುಕ್ರವಾರ ಲೆಕ್ಕದ ಪರೀಕ್ಷೆ. ಒಂದು ಸಾಲಿನ ಮಕ್ಕಳೆಲ್ಲರಿಗೂ ಆರಕ್ಕೆ ನಾಲ್ಕಾದರೂ ಬಂದರೆ ಇಡೀ ಸಾಲಿಗೆ ಬಿಸಿಬಿಸಿ ಕರಿದ ಮೆಕಿತ್ಸಾ, ಮೇಲೆ ಪ್ಲಮ್ ಜಾಮ್. ಒಬ್ಬರು ಎಡವಿದರೂ ಯಾರಿಗೂ ಇಲ್ಲ. ನಮ್ಮ ಹುಡುಗಿಗೂ ಲೆಕ್ಕಕ್ಕೂ ಎಣ್ಣೆ ಸೀಗೆಕಾಯಿ, ನಿನಗೆ ಗೊತ್ತಲ್ಲ. ಮೊದಮೊದಲು ಚೆನ್ನಾಗಿಯೇ ಇತ್ತು. ಯಾರೂ ಮಾತಾಡಿಸದ ಹುಡುಗಿಯ ಸುತ್ತ ಸಾಲಿನವರೆಲ್ಲ ಕೂತು ಭಾಗಾಕಾರ ಹೇಳಿಕೊಟ್ಟರು. ಎರಡು ಬರುತ್ತಿದ್ದವಳಿಗೆ ಮೂರು ಬಂತು. ನಾನು ಬೀಗಿದೆ. ಆದರೆ ಮೂರಕ್ಕೆ ಮೆಕಿತ್ಸಾ ಇಲ್ಲವಲ್ಲ. ಪರೀಕ್ಷೆಗೆ ಬಾರದವರನ್ನು ಟೀಚರ್ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದನ್ನು ಅವರಲ್ಲೊಬ್ಬರು ಪತ್ತೆಹಚ್ಚಿದರು. ಮುಂದಿನ ಶುಕ್ರವಾರ ಬೆಳಿಗ್ಗೆ ನೆವೆನಾ ಮುಸುಕು ಹೊದ್ದು, "ಅಜ್ಜಾ, ನಂಗೆ ಜ್ವರ" ಅಂದಳು. ಹಣೆ ತಣ್ಣಗಿತ್ತು. ಆದರೂ ಚಹಾ ಮಾಡಿಕೊಟ್ಟು ಮಲಗಿಸಿದೆ.

ಮಧ್ಯಾಹ್ನ ಇಡೀ ಸಾಲು ನಮ್ಮ ಬಾಗಿಲಲ್ಲಿ. ಅವಳ ಪಾಲಿನ ಮೆಕಿತ್ಸಾವನ್ನು ಕಾಗದದಲ್ಲಿ ಸುತ್ತಿ, ಆರಬಾರದೆಂದು ಕೋಟಿನೊಳಗಿಟ್ಟು ತಂದಿದ್ದರು. "ನೆವೆನಾಳಿಂದಾನೇ ಸಿಕ್ಕಿದ್ದು ಅಜ್ಜಾ, ಅವಳು ಬರ್ಲಿಲ್ವಲ್ಲ" ಎಂದಳು ಬಿಲ್ಯಾನಾ ಎಂಬ ಕೆಂಪು ಟೋಪಿಯವಳು, ಚೂರೂ ನಾಚಿಕೆಯಿಲ್ಲದೆ. ಬೈಯಲು ಬಾಯಿ ತೆರೆದವನು ಎಲ್ಲರಿಗೂ ಚೆರ್ರಿ ಶರಬತ್ತು ಕೊಟ್ಟೆ. ನೀನು ಹೋದ ಮೇಲೆ ನೆವೆನಾ ಅಷ್ಟು ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಈಗ ಪ್ರತಿ ಶುಕ್ರವಾರ ಜ್ವರ. ಟೀಚರ್ ಮಾರುಕಟ್ಟೆಯಲ್ಲಿ ಸಿಕ್ಕಿದಾಗ, "ಸಾಲು ಎಷ್ಟು ಸುಧಾರಿಸಿದೆ ನೋಡಿ, ಪಾಪ, ನೆವೆನಾಳ ಆರೋಗ್ಯ ಒಂದು ಸರಿಯಿಲ್ಲ" ಎನ್ನುತ್ತಾಳೆ. ನಾನು ತಲೆಯಾಡಿಸುತ್ತೇನೆ, ಹೌದೆಂದೋ ಇಲ್ಲವೆಂದೋ ನನಗೇ ತಿಳಿಯದು. ನಿಜ ಹೇಳಿದರೆ ಹುಡುಗಿ ಗೆಳತಿಯರನ್ನು ಕಳೆದುಕೊಳ್ಳುತ್ತಾಳೆ, ಹೇಳದಿದ್ದರೆ ಭಾಗಾಕಾರ ಕಲಿಯುವುದೇ ಇಲ್ಲ. ಆ ಮಕ್ಕಳು ಅವಳನ್ನು ಪ್ರೀತಿಸುತ್ತಾರೋ, ಹೊರಗಿಟ್ಟಿದ್ದಾರೋ, ಎರಡೂ ಒಟ್ಟಿಗೇ ಇರಬಹುದೋ, ಈ ವಯಸ್ಸಿನಲ್ಲೂ ನನಗೆ ಗೊತ್ತಾಗುತ್ತಿಲ್ಲ. ನಿನ್ನಮ್ಮ ಬದುಕಿದ್ದರೆ ಹೇಳುತ್ತಿದ್ದಳು.

ದೇವರು ನಿನ್ನ ಬೆನ್ನಿಗೆ ಬಲ ಕೊಡಲಿ.

ನಿನ್ನ ಅಪ್ಪ,
ವೆಲ್ಕೊ

ಲಕೋಟೆ ಅಂಟಿಸುವ ಮುನ್ನ: ನಿನ್ನೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ನೀನಿಲ್ದಿದ್ರೇನೇ ಅವರಿಗೆ ಲಾಭ ಅಂದ್ರೆ ನಿಂಗೆ ಬೇಜಾರಾಗಲ್ವಾ ಮರೀ?" ಎಂದು ಕೇಳಿದೆ. "ಯಾಕಜ್ಜಾ? ಅಮ್ಮಾನೂ ಹಾಗೇ ಅಲ್ವಾ? ಅವಳು ಇಲ್ಲಿ ಇಲ್ದೇ ಇರೋದಕ್ಕೇ ತಾನೇ ನಮಗೆ ಎಲ್ಲಾ ಸಿಗ್ತಿರೋದು" ಅಂದಳು. ಒಲೆಗೆ ಸೌದೆ ಹಾಕುವ ನೆಪದಲ್ಲಿ ನಾನು ಎದ್ದುಬಿಟ್ಟೆ. ಅವಳಿಗೆ ಏನು ಹೇಳಲಿ, ಮಗಳೇ? ಈಸ್ಟರಿಗೆ ನೀನೇ ಬಂದು ಹೇಳು.