ಸೀಮೆಸುಣ್ಣದ ಗುರುತು

ಕೆರಗೋಡು, ಮಂಡ್ಯ ತಾಲ್ಲೂಕು
ಭಾನುವಾರ, ೧೪ ಡಿಸೆಂಬರ್ ೨೦೨೫

ಸೌಭಾಗ್ಯವತಿ ಇಂದ್ರಮ್ಮನಿಗೆ, ಊರಿನಿಂದ ಚೌಡಯ್ಯ ಬರೆಯುವ ಕ್ಷೇಮಸಮಾಚಾರ.

ನಿನ್ನ ಮಂಡಿನೋವು ಹೇಗಿದೆ? ದಾವಣಗೆರೆಯಲ್ಲಿ ಚಳಿ ಹೆಚ್ಚೆಂದು ಪತ್ರಿಕೆಯಲ್ಲಿ ಓದಿದೆ; ನೆಲದ ಮೇಲೆ ಕುಳಿತು ಮಗುವಿಗೆ ಎಣ್ಣೆ ಹಚ್ಚುವ ಹಟ ಬೇಡ, ಮಣೆ ಹಾಕಿಕೊ. ದೀಪಿಕಳ ರಕ್ತದೊತ್ತಡ ಇಳಿಯಿತೆ? ಅವಳು ಖಾರ ಕೇಳಿದರೆ ಕರಗಿಹೋಗಬೇಡ. ಮೊಮ್ಮಗಳಿಗೆ ಇಡುವ ಹೆಸರನ್ನು ಬರೆದು ಮೊದಲು ನನಗೆ ಕಳುಹಿಸಿ. ಕಾಗುಣಿತ ನೋಡಿದ ಮೇಲೆ ತೊಟ್ಟಿಲಿಗೆ ಹಾಕಬಹುದು. ಫೋನು ಇರುವಾಗ ಕಾಗದವೇಕೆಂದು ನೀನು ಕೇಳುವುದು ಸಹಜ. ಅಳಿಯಂದಿರ ಫೋನಿಗೆ ಕರೆಮಾಡಲು ನನಗೆ ಸಂಕೋಚ, ಉಳಿದದ್ದು ದೀಪಿಕಳ ಫೋನು. ನಾನು ಮಾತು ತೆಗೆಯುವ ಮೊದಲೇ ಅವಳು ಸ್ಪೀಕರ್ ಹಾಕಿ ಮಗುವಿನ ಪಕ್ಕದಲ್ಲಿ ಇಟ್ಟುಬಿಡುತ್ತಾಳೆ. ಬಾಣಂತಿಯ ಕಿವಿಗೆ ಗಾಬರಿಯ ಮಾತು ಬೀಳಕೂಡದೆಂದು ವೈದ್ಯರು ಹೇಳಿದ್ದಾರೆ. ಈಗ ನನ್ನ ಬಳಿ ಇರುವುದೆಲ್ಲ ಅಂಥ ಮಾತೇ. ಎದುರುಮನೆಯ ಸ್ವರೂಪ್ ರಜೆ ಮುಗಿಸಿ ದಾವಣಗೆರೆಯ ಬ್ಯಾಂಕಿನ ಕೆಲಸಕ್ಕೆ ಇಂದು ಮರಳುತ್ತಿದ್ದಾನೆ. ನಾಳೆ ಬೆಳಿಗ್ಗೆ ಇದನ್ನು ನಿನ್ನ ಕೈಯಲ್ಲೇ ಕೊಡಬೇಕೆಂದು ಹೇಳಿದ್ದೇನೆ. ಮಹಡಿಗೆ ಹೋಗಿ ಒಬ್ಬಳೇ ಓದು.

ಕಳೆದ ವಾರ ನಮ್ಮ ಶಶಿಧರ, ಲಿಂಗಯ್ಯನ ಗದ್ದೆಯಲ್ಲಿ ಕಬ್ಬು ತುಂಬಿಕೊಂಡು ರಸ್ತೆಗೆ ಹತ್ತುವಾಗ ಲಾರಿಯ ಹಿಂಭಾಗದಲ್ಲಿ ಟಣ್ಣೆಂದು ಸದ್ದಾಯಿತು. ಎಂಜಿನ್ನು ಕೂಗುತ್ತದೆ, ಉದ್ದನೆಯ ದಂಡ ಸುತ್ತುತ್ತದೆ, ಚಕ್ರಗಳು ಮಾತ್ರ ಕದಲವು. ಹಿಂದಿನ ಚಕ್ರಗಳ ನಡುವೆ ಗಡಿಗೆಯಂತೆ ಉಬ್ಬಿದ ಭಾಗವೊಂದಿದೆಯಲ್ಲ, ಅದರೊಳಗಿನ ಗೇರುಗಳ ಹಲ್ಲು ಮುರಿದಿತ್ತು. ಎಂಜಿನ್ನಿನ ಸುತ್ತನ್ನು ಎರಡು ಚಕ್ರಗಳಿಗೆ ಹಂಚಿಕೊಡುವುದು ಆ ಗೇರುಗಳ ಕೆಲಸ. ಅದರ ಹೆಸರು ಡಿಫರೆನ್ಷಿಯಲ್. ನಿನ್ನ ಮಗ ‘ಡಿಪ್ರೆನ್ಸು’ ಎನ್ನುತ್ತಾನೆ, ತಿದ್ದಿದೆ, ತಿದ್ದಿಕೊಳ್ಳಲಿಲ್ಲ. ಆ ದಿನದ ಹೊರೆಯನ್ನು ಯಾರದೋ ಟ್ರ್ಯಾಕ್ಟರಿಗೆ ಸಾಗಿಸಿ, ಲಾರಿಯನ್ನು ಮನೆಯ ಅಂಗಳಕ್ಕೆ ಎಳೆಸಿದ್ದಾಯಿತು. ಆದರೆ ಲಿಂಗಯ್ಯನ ಉಳಿದ ಗದ್ದೆಗೆ ಕಾರ್ಖಾನೆಯವರು ಸೋಮವಾರದ ಕಟಾವು ಕೊಟ್ಟಿದ್ದಾರೆ, ಅಂದರೆ ನಾಳೆ. ಕಬ್ಬಿನ ಕಾಲವಾದ್ದರಿಂದ ಮಂಡ್ಯದ ಗ್ಯಾರೇಜುಗಳ ಮುಂದೆ ಲಾರಿಗಳು ಸಾಲುಗಟ್ಟಿವೆ. ಕೇಳಿದವರೆಲ್ಲರೂ ಸಂಕ್ರಾಂತಿಯಾಗಲಿ ಎಂದರು. ಶಶಿ ಹೊಸ ಗೇರುಗಳನ್ನೂ ಬೇರಿಂಗುಗಳನ್ನೂ ಕೊಂಡು ತಂದು ಅಂಗಳದಲ್ಲಿ ಇಳಿಸಿದ. “ನಾನೇ ಬಿಚ್ಚಿ ಆಕ್ತೀನಿ ಬುಡಪ್ಪ. ಗ್ಯಾರೇಜ್ನಲ್ಲಿ ನಿಂತ್ಕಂಡು ನೋಡಿಲ್ವಾ?” ಎಂದ. ನೋಡುವುದಕ್ಕೂ ಮಾಡುವುದಕ್ಕೂ ಇರುವ ಅಂತರವನ್ನು ಹೇಳುವಷ್ಟರಲ್ಲಿ ಅವನು ಅಂಗಿ ಬಿಚ್ಚಿ ಲಾರಿಯ ಅಡಿಗೆ ಹೋಗಿಯಾಗಿತ್ತು.

ಇನ್ನು ನಿನ್ನ ಒಗೆಯುವ ಕಲ್ಲಿನ ವಿಷಯ. ಕೋಪಿಸಿಕೊಳ್ಳದೆ ಓದು. ಬುಧವಾರ ಲಾರಿಯ ಹಿಂಭಾಗವನ್ನು ಎತ್ತಬೇಕಾದಾಗ ಜಾಕು ಅಂಗಳದ ಮಣ್ಣಿನೊಳಗೆ ಇಳಿಯತೊಡಗಿತು. ಹಾಗಾಗಿ ಶಶಿಯೂ ಲಿಂಗಯ್ಯನೂ ನಿನ್ನ ಕಲ್ಲನ್ನು ಉರುಳಿಸಿ ತಂದು ಜಾಕಿನ ಅಡಿಗೆ ಕೊಟ್ಟರು. ಅಷ್ಟು ದೊಡ್ಡ ವಾಹನ ಅಷ್ಟು ಸಣ್ಣ ಕಬ್ಬಿಣದ ಮೇಲೆ ನಿಂತಿರುವುದನ್ನು ನಾನು ನೋಡಬಾರದಿತ್ತು. ಚಕ್ರಗಳನ್ನು ಕಳಚಿದ್ದರು. ಶಶಿಯ ಎರಡು ಪಾದಗಳಷ್ಟೇ ಹೊರಗೆ ಕಾಣುತ್ತಿದ್ದವು. ಆಗ ಕಲ್ಲು ಪಟ್ಟೆಂದು ಸೀಳಿತು. ಲಾರಿ ಒಂದು ಗೇಣು ವಾಲಿ, ಲಿಂಗಯ್ಯ ಮುಂಜಾಗ್ರತೆಯಿಂದ ತಳ್ಳಿಟ್ಟಿದ್ದ ಹುಣಸೆಯ ದಿಮ್ಮಿಯ ಮೇಲೆ ಕುಳಿತಿತು. ಆ ಪಾದಗಳನ್ನು ನೋಡುತ್ತ ನಿಂತೆ, ಅವು ಕದಲಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಮಾತು ಬಂದಿತು: “ಕಲ್ಲು ಓಯ್ತಾ? ಅವ್ವುಂಗೆ ಏಳ್ಬ್ಯಾಡ ಕಣಪ್ಪ.” ಅವನು ಈಚೆಗೆ ಬಂದು ನಗುತ್ತ ಬೀಡಿ ಹಚ್ಚಿದ. ಅವನು ಬೀಡಿ ಸೇದುತ್ತಾನೆಂಬುದು ನನಗೆ ತಿಳಿದದ್ದೂ ಆಗಲೇ, ಬೈಯಲು ಮರೆತೆ.

ಒಳಗಿನ ಗೇರುಗಳನ್ನು ಲಿಂಗಯ್ಯನೂ ಅವನೂ ಸೇರಿ ಹಗ್ಗ ಕಟ್ಟಿ ಈಚೆಗೆ ಎಳೆದು ಜಗಲಿಯ ಮೇಲೆ ಬಿಡಿಬಿಡಿಯಾಗಿ ಬಿಚ್ಚಿದರು. ದೊಡ್ಡ ಗೇರನ್ನು ಎರಡೂ ಪಕ್ಕದ ಬೇರಿಂಗುಗಳ ಮೇಲೆ ಅದುಮಿ ಹಿಡಿಯುವ ಎರಡು ಕಬ್ಬಿಣದ ಕ್ಯಾಪುಗಳಿವೆ, ಅರ್ಧ ಬಳೆಯ ಆಕಾರದವು. ನೋಡಲು ಅವಳಿಜವಳಿ. ಆದರೂ ಎಡದ್ದು ಎಡಕ್ಕೇ, ಬಲದ್ದು ಬಲಕ್ಕೇ ಕೂರಬೇಕಂತೆ. ಕಾರ್ಖಾನೆಯಲ್ಲಿ ಆಯಾ ಜಾಗದಲ್ಲಿ ಕೂರಿಸಿಯೇ ಕೊರೆದಿರುತ್ತಾರೆ. ಅದಲುಬದಲಾದರೆ ಬೇರಿಂಗು ಬಿಗಿಯುತ್ತದೆ, ಕಾಯುತ್ತದೆ, ಭಾರ ಬಿದ್ದಾಗ ಹಿಂದಿನ ಚಕ್ರಗಳು ಓಟದಲ್ಲಿಯೇ ಹಿಡಿದುಕೊಂಡುಬಿಡಬಹುದು. ಇದನ್ನು ಹೇಳಿದವನು ಶಶಿಯೇ. ಲಾರಿ ಹಳೆಯದು, ಕಾರ್ಖಾನೆಯವರು ಹೊಡೆದಿದ್ದ ಗುರುತು ಸವೆದುಹೋಗಿತ್ತು. ಅವನು ಉಳಿಯಿಂದ ಹೊಸ ಗುರುತು ಹೊಡೆಯಲು ಸುತ್ತಿಗೆ ಎತ್ತಿದ್ದ. ನಾನು ತಡೆದೆ. ಒಳ್ಳೆಯ ಕಬ್ಬಿಣಕ್ಕೆ ಗಾಯ ಮಾಡುವುದೇಕೆ ಎಂದು, ಮೇಷ್ಟರಿಕೆಯ ಕಾಲದಿಂದ ಬೀರುವಿನಲ್ಲಿದ್ದ ಸೀಮೆಸುಣ್ಣ ತಂದು, ಒಂದರ ಮೇಲೆ ‘ಎಡ’ ಎಂದೂ ಇನ್ನೊಂದರ ಮೇಲೆ ‘ಬಲ’ ಎಂದೂ ದುಂಡಾಗಿ ಬರೆದೆ. “ಅಳಿಸ್ಕೋಗಲ್ವಾ?” ಎಂದು ಶಶಿ ಕೇಳಿದ. ಯಾರು ಅಳಿಸುತ್ತಾರೆ ಎಂದೆ.

ಗುರುವಾರ ಹೊಸ ಗೇರುಗಳನ್ನು ಒಮ್ಮೆ ಜೋಡಿಸಿ ನೋಡಿದರು. ಹಲ್ಲಿಗೆ ಹಲ್ಲು ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ಹಲ್ಲುಗಳಿಗೆ ಬಣ್ಣ ಬಳಿದು ಸುತ್ತಿಸಬೇಕು; ಬಣ್ಣ ಅಳಿಸಿದ ಕಡೆ ಹಲ್ಲು ತಾಗಿದೆಯೆಂದು ಅರ್ಥ. ಗ್ಯಾರೇಜಿನವರ ಬಣ್ಣ ನಮ್ಮಲ್ಲಿ ಎಲ್ಲಿಯದು? ಶಶಿ ದೇವರ ಗೂಡಿನಿಂದ ನಿನ್ನ ಕುಂಕುಮದ ಭರಣಿ ತಂದು ಹರಳೆಣ್ಣೆಯಲ್ಲಿ ಕಲಸಿ ಬಳಿದ. ಗುರುತು ಹಲ್ಲಿನ ಅಂಚಿಗೆ ಬಿದ್ದಿತ್ತು, ನಡುವಿಗೆ ಬೀಳಬೇಕಂತೆ. ಮತ್ತೆ ಎಲ್ಲವನ್ನೂ ಬಿಚ್ಚಿ ಜಗಲಿಯ ಮೇಲಿಟ್ಟು, ನಡುವೆ ಕೊಡುವ ತೆಳುವಾದ ಬಿಲ್ಲೆ ತರಲು ಮಂಡ್ಯಕ್ಕೆ ಹೋದ. ಇಷ್ಟನ್ನೂ ಸಣ್ಣತಾಯಕ್ಕ ಒಳಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನೀನು ಬರುವವರೆಗೆ ಅಡುಗೆ ನೋಡಿಕೊಳ್ಳಲು ಕುರಿಗೆ ಹೆಸರಾದ ಬಂಡೂರಿನಿಂದ ಬಂದವಳು, ಬಂದ ದಿನದಿಂದ ನಮ್ಮೂರಿನ ಕುರಿಗಳಲ್ಲಿ ಮಾಂಸವಿಲ್ಲವೆಂದು ದೂರುತ್ತಲೇ ಇದ್ದಾಳೆ. ಶಶಿಯನ್ನು ಕಂಡಾಗಲೆಲ್ಲ “ಎಣ್ಣು ನೋಡಕ್ಕೆ ಓಗೋ ಗಂಡು, ಗ್ರೀಸ್ ಮೆತ್ಕಂಡು ಕೂತವ್ನೆ. ಯಾವಳ್ಲಾ ಒಪ್ತಾಳೆ?” ಎನ್ನುತ್ತಾಳೆ. ಅವನು “ಅತ್ತೆ, ಲಾರಿನ ಒಪ್ಪೋಳ್ನೇ ನೋಡು” ಎನ್ನುತ್ತಾನೆ. ಮನೆಯಲ್ಲಿ ನಗು ಕೇಳಿದ್ದು ಅಷ್ಟೇ.

ಶುಕ್ರವಾರ ಬೆಳಿಗ್ಗೆ ನಾನು ಹಾಲು ತರಲು ಹೋಗಿದ್ದೆ. ಮರಳಿ ಬಂದಾಗ ಜಗಲಿ ಮಿರಮಿರನೆ ಹೊಳೆಯುತ್ತಿತ್ತು. ಅಕ್ಕ ಪ್ರತಿಯೊಂದು ಭಾಗವನ್ನೂ ಬಿಸಿನೀರು, ಸೀಗೆಪುಡಿ ಹಾಕಿ ತಿಕ್ಕಿ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಸಾಲಾಗಿ ಜೋಡಿಸಿ, ವಿಭೂತಿ ಬಳಿದು, ಅರಿಶಿನ ಕುಂಕುಮವಿಟ್ಟು, ಒಂದೊಂದರ ತಲೆಯ ಮೇಲೂ ಚೆಂಡುಹೂವು ಇರಿಸಿದ್ದಳು. ಊದುಬತ್ತಿ ಉರಿಯುತ್ತಿತ್ತು. “ಸುಕ್ರವಾರ ಕಣ್ಲಾ ಚೌಡ. ಹುಡ್ಗ ಚಕ್ರಕ್ಕೆ ಕುಂಕ್ಮ ಇಟ್ಟು ಪೂಜೆನ ಅರ್ಧಕ್ಕೇ ಬುಟ್ಟೋಗವ್ನೆ. ಅಂಗೇ ಬುಡಕ್ಕಾಯ್ತದಾ?” ಎಂದಳು. ಅವಳನ್ನು ಏನೆಂದು ಬೈಯಲಿ? ಕುಂಕುಮ ಕಂಡ ಕಬ್ಬಿಣವನ್ನು ಪೂಜೆಯಿಲ್ಲದೆ ಬಿಡುವವರು ನಮ್ಮ ಮನೆಯಲ್ಲಿ ಯಾರಿದ್ದಾರೆ, ನೀನಾದರೂ ಬಿಡುತ್ತಿದ್ದೆಯಾ? ಆ ಎರಡು ಕ್ಯಾಪುಗಳು ಅಕ್ಕಪಕ್ಕದಲ್ಲಿ ಕುಳಿತಿದ್ದವು. ಸೀಮೆಸುಣ್ಣದ ಒಂದು ಕಣವೂ ಉಳಿದಿರಲಿಲ್ಲ. ಬರೆದಿದ್ದ ಜಾಗದಲ್ಲಿ ಮೂರು ಬೆರಳಿನ ವಿಭೂತಿಯಿತ್ತು.

ಶಶಿಯೂ ಲಿಂಗಯ್ಯನೂ ಬಂದರು. ಶಶಿ ಹೂವುಗಳನ್ನು ತೆಗೆದು ಪಕ್ಕಕ್ಕಿಟ್ಟು, ಎರಡೂ ಕೈಯಲ್ಲಿ ಒಂದೊಂದು ಕ್ಯಾಪು ಹಿಡಿದುಕೊಂಡು, “ಎಡದ್ದು ಯಾವ್ದಪ್ಪ?” ಎಂದು ಕೇಳಿದ. ನಾನು ತೋರಿಸಿದೆ. ಅವನು ಅರೆಗಳಿಗೆ ನನ್ನ ಮುಖವನ್ನೇ ನೋಡಿದ. ಲಿಂಗಯ್ಯ ಎಲೆಯಡಿಕೆ ಉಗಿದು ಬಂದು, “ನಮ್ಮುನ್ನೆಲ್ಲ ಬೆಂಚಿನ್ ಮ್ಯಾಲೆ ನಿಲ್ಸಿದ್ ಕೈ ಕಣ್ಲಾ ಅದು. ತಪ್ಪು ತೋರಿಸ್ತದಾ? ಕೂರ್ಸ್ಲಾ” ಎಂದ. ಕೂರಿಸಿದರು. ಬೋಲ್ಟುಗಳನ್ನು ಬಿಗಿದರು. ಕುಂಕುಮದ ಗುರುತು ಈ ಬಾರಿ ಹೆಚ್ಚುಕಡಿಮೆ ನಡುವಿಗೆ ಬಿದ್ದಿತು, ಶಶಿ ಸಂತೋಷಪಟ್ಟ. ಎಲ್ಲವನ್ನೂ ಮೇಲಕ್ಕೆತ್ತಿ, ಒಳಗೆ ಸೇರಿಸಿ, ಗೇರ್ ಆಯಿಲ್ ತುಂಬಿ, ಚಕ್ರಗಳನ್ನು ಹಾಕಿ ನಿನ್ನೆ ಲಾರಿಯನ್ನು ನೆಲಕ್ಕಿಳಿಸಿದರು.

ನಿನ್ನೆ ಸಂಜೆ ಖಾಲಿ ಲಾರಿಯನ್ನು ಮಂಡ್ಯದ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ ತಂದ. ಹಿಂದಿನಿಂದ ದುಂಬಿ ಮೊರೆದಂತೆ ಸಣ್ಣ ಸದ್ದು ಬರುತ್ತಿತ್ತು. ಅವನು ಕೈಕಾಲು ತೊಳೆಯಲು ಹೋದಾಗ ನಾನು ಬಗ್ಗಿ, ಆ ಗಡಿಗೆಯಂಥ ಭಾಗವನ್ನು ಮುಟ್ಟಿ ನೋಡಿದೆ. ಬಲಗಡೆ ಅಂಗೈಯನ್ನು ಇಟ್ಟುಕೊಂಡಿರಬಹುದಾಗಿತ್ತು. ಎಡಗಡೆ ಇಡಲಾಗಲಿಲ್ಲ. ಇನ್ನೊಮ್ಮೆ ಇಟ್ಟೆ, ಇನ್ನೊಮ್ಮೆ ಸುಟ್ಟಿತು. ಕೇಳಿದರೆ, “ಒಸಾ ಬೇರಿಂಗು ಕಣಪ್ಪ, ಕಾಯ್ತದೆ. ಓಡ್ತಾ ಓಡ್ತಾ ಸರಿಯಾಯ್ತದೆ” ಎಂದ. ಹಾಗೂ ಇರಬಹುದು. ಅವನ ಮಾತೇ ನಿಜವಿರಲೆಂದು ಹಾರೈಸುತ್ತಿದ್ದೇನೆ. ಆದರೆ ಲಿಂಗಯ್ಯನ ಗದ್ದೆಯಿಂದ ಕಾರ್ಖಾನೆಗೆ ಹೋಗುವ ದಾರಿ ನಿನಗೆ ಗೊತ್ತು. ನಾಲೆಯ ಏರಿಯ ಮೇಲೆ ಹೋಗಬೇಕು. ತಡೆಗೋಡೆಯಿಲ್ಲ. ಎದುರಿಗೆ ಟ್ರ್ಯಾಕ್ಟರು ಬಂದರೆ ಚಕ್ರ ಹುಲ್ಲಿಗೆ ಇಳಿಯುತ್ತದೆ. ಈಗ ನಾಲೆಯಲ್ಲಿ ದಡ ಮುಟ್ಟುವ ನೀರಿದೆ. ನಾಳೆ ಮಧ್ಯಾಹ್ನ ಅವನು ಆಳೆತ್ತರದ ಎರಡರಷ್ಟು ಕಬ್ಬು ಹೇರಿಕೊಂಡು ಆ ಏರಿಯ ಮೇಲೆ ಹೋಗುತ್ತಾನೆ. ಇದನ್ನು ಬರೆಯುವಾಗ ಅವನು ಅಂಗಳದಲ್ಲಿ ಲಾರಿ ತೊಳೆಯುತ್ತಿದ್ದಾನೆ, ಏನೋ ಗುನುಗುತ್ತಿದ್ದಾನೆ. ಬುಧವಾರ ಕಂಡ ಆ ಎರಡು ಪಾದಗಳೇ ನನಗೆ ಮತ್ತೆ ಮತ್ತೆ ಕಾಣುತ್ತಿವೆ.

ಇಲ್ಲಿ ಉಳಿದಂತೆ ಎಲ್ಲವೂ ಸರಿಯಾಗಿದೆ. ನಿನ್ನ ಕರಿಬೇವಿನ ಗಿಡಕ್ಕೆ ನೀರು ಹಾಕುತ್ತಿದ್ದೇನೆ. ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ದೀಪಿಕಳ ತಲೆ ಸವರು. ಮಗುವಿನ ಅಂಗಾಲಿಗೆ ತಾತನ ಹೆಸರು ಹೇಳಿ ಕಾಡಿಗೆಯ ಬೊಟ್ಟಿಡು. ನಿನ್ನ ಆರೋಗ್ಯ ಜೋಪಾನ.

ಇತಿ ನಿನ್ನ,
ಕೆ. ಚೌಡಯ್ಯ

ತಾ.ಕ.: ಸ್ವರೂಪ್ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ, ಬಸ್ಸಿಗೆ ಹೊತ್ತಾಯಿತು ಎನ್ನುತ್ತಿದ್ದಾನೆ. ಮೇಲೆ ‘ತೋರಿಸಿದೆ’ ಎಂದು ಬರೆದಿದ್ದೇನೆ. ಇಂದ್ರಾ, ಎಡದ್ದು ಯಾವುದೆಂದು ನನಗೆ ಗೊತ್ತಿರಲಿಲ್ಲ. ಎರಡೂ ಒಂದೇ ಬಗೆಯಾಗಿದ್ದವು. ಶಶಿ ಕೇಳಿದ ಕೂಡಲೇ ಬೆರಳು ತಾನಾಗಿ ಎದ್ದಿತು. ನಿನ್ನೆಯಿಂದ ಎರಡು ಬಾರಿ ಹೇಳಲೆಂದು ಅವನ ಎದುರಿಗೆ ಹೋಗಿ ನಿಂತೆ. ಎರಡು ಬಾರಿಯೂ ಊಟವಾಯಿತೆ ಎಂದು ಕೇಳಿ ಬಂದೆ. ನಿನಗೆ ಬರೆಯಲು ಆದದ್ದು ಅವನ ಮುಖ ನೋಡಿಕೊಂಡು ಹೇಳಲು ಆಗುತ್ತಿಲ್ಲ. ಲಕೋಟೆ ಬಿಚ್ಚಿದಾಗ ನಿನ್ನ ಮಡಿಲಿಗೆ ಬಿದ್ದದ್ದು ಲಾರಿಯ ಕೀ. ಮೊಳೆಯಿಂದ ಈಗಷ್ಟೇ ತೆಗೆದೆ. ಇನ್ನೊಂದು ಕೀ ಹೋದ ವರ್ಷವೇ ನಾಲೆಗೆ ಬಿದ್ದದ್ದು ನಿನಗೆ ಗೊತ್ತು. ಆದರೂ ಕೀ ಇಲ್ಲದೆ ತಂತಿ ಜೋಡಿಸಿ ಹೊರಡಿಸುವಷ್ಟು ಅವನು ಬಲ್ಲವನು. ನಾಳೆ ಮಧ್ಯಾಹ್ನದವರೆಗೆ ಹುಡುಕಿ ಬೇಸತ್ತರೆ ಅದನ್ನೇ ಮಾಡುತ್ತಾನೆ. ಆದ್ದರಿಂದ ಇದನ್ನು ಓದಿದ ತಕ್ಷಣ ಅಳಿಯಂದಿರ ಫೋನಿನಿಂದ ಶಶಿಗೆ ಕರೆಮಾಡು. ನಿಮ್ಮಪ್ಪನಿಗೆ ಎಡ ಯಾವುದೆಂದು ಗೊತ್ತಿಲ್ಲವಂತೆ, ಬಿಚ್ಚಿ ನೋಡು ಎಂದು ಹೇಳು. ನನ್ನ ಹೆಸರು ಹೇಳಿಯೇ ಹೇಳು. ಲಿಂಗಯ್ಯ ಪಕ್ಕದಲ್ಲಿದ್ದರೂ ಸರಿ. ಶಶಿ ಈಗಾಗಲೇ ಕೀ ಹುಡುಕಲು ತೊಡಗಿದ್ದಾನೆ. “ಅತ್ತೆ, ಕೀನೂ ತೊಳ್ದು ಪೂಜೆಗಿಟ್ಯಾ?” ಎಂದು ಅಡುಗೆಮನೆಯಲ್ಲಿ ಕೇಳುತ್ತಿದ್ದಾನೆ. ಲಕೋಟೆ ಅಂಟಿಸುತ್ತಿದ್ದೇನೆ.